ಐಬಿಎಂ ಐ ಮೇಲೆ ಹೊರಗಿನವರ ಸಾಫ್ಟ್‌ವೇರ್: ಬರೆಯುವುದಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು

ಪ್ರಶ್ನೆ: ನಮ್ಮದು ಸಣ್ಣ ತಂಡ. ಜಾವಾ, ಲಿನಕ್ಸ್, ಎಸ್‌ಕ್ಯೂಎಲ್ ಚೆನ್ನಾಗಿ ಗೊತ್ತು. ಐಬಿಎಂನ ವ್ಯವಹಾರ ಕಂಪ್ಯೂಟರ್ ವ್ಯವಸ್ಥೆಯಾದ ಎಎಸ್/400, ಅಂದರೆ ಈಗಿನ ಐಬಿಎಂ ಐ ಇಟ್ಟುಕೊಂಡ ಕಂಪನಿಗಳು ನಮ್ಮ ದಾಸ್ತಾನು ನಿರ್ವಹಣೆಯ ಪ್ಯಾಕೇಜನ್ನು ತಮ್ಮ ಯಂತ್ರದ ಮೇಲೇ ಓಡುವಂತೆ ಕೇಳುತ್ತಿವೆ. ಯಾವ ಭಾಷೆಯಲ್ಲಿ ಬರೆಯಬೇಕು? ಸೋರ್ಸ್ ಕೊಡದೆ ತಲುಪಿಸುವುದು ಹೇಗೆ? ಗ್ರಾಹಕರು ಓಎಸ್ ಮೇಲ್ದರ್ಜೆಗೆ ಏರಿಸಿದಾಗ ನಮ್ಮ ಪ್ರೋಗ್ರಾಂ ಮುರಿಯದಿರಲು ಏನು ಮಾಡಬೇಕು?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಭಾಷೆಯದು ಸುಲಭದ್ದು, ಅದನ್ನು ಕೊನೆಗೆ ಇಟ್ಟುಕೊಳ್ಳೋಣ. ಈ ಯಂತ್ರದಲ್ಲಿ ಹೊರಗಿನವರ ಪ್ಯಾಕೇಜುಗಳು ಕೈಕೊಡುವುದು ಲೆಕ್ಕಾಚಾರದ ಕೋಡಿನಲ್ಲಿ ಅಲ್ಲ. ನಿಮ್ಮ ವಸ್ತು (ಆಬ್ಜೆಕ್ಟ್; ಇಲ್ಲಿ ಪ್ರೋಗ್ರಾಂ, ಫೈಲ್ ಎಲ್ಲವೂ ವಸ್ತುಗಳೇ) ಗ್ರಾಹಕರ ವಸ್ತುವಿಗೆ ತಾಗುವ ಗಡಿಯಲ್ಲಿ: ಫೈಲಿನ ರೂಪ, ಸರ್ವಿಸ್ ಪ್ರೋಗ್ರಾಮಿನ (ಬೇರೆ ಪ್ರೋಗ್ರಾಂಗಳು ಕರೆಯುವ ಪ್ರೊಸೀಜರುಗಳ ಕಟ್ಟು) ಸಿಗ್ನೇಚರ್, ಲೈಬ್ರರಿ ಲಿಸ್ಟ್ (ವಸ್ತುಗಳನ್ನು ಹುಡುಕುವ ಲೈಬ್ರರಿಗಳ ಕ್ರಮಪಟ್ಟಿ), ಅಧಿಕಾರ, ಅಕ್ಷರಗಳ ಕೋಡ್. ಈ ಗಡಿಗಳನ್ನು ಮೊದಲೇ ಗಟ್ಟಿ ಮಾಡಿಕೊಂಡರೆ ಇಂದು ಕಂಪೈಲ್ ಮಾಡಿದ ಪ್ರೋಗ್ರಾಂ ಇಪ್ಪತ್ತು ವರ್ಷ ಮುಟ್ಟದೆ ಓಡುತ್ತದೆ. ಇದು ಉತ್ಪ್ರೇಕ್ಷೆಯಲ್ಲ, ಯಂತ್ರದ ರಚನೆಯೇ ಹಾಗಿದೆ.

ಎಎಸ್/400 ಬಿಡುಗಡೆಯಾದದ್ದು 1988ರ ಜೂನ್ 21ರಂದು. ಅದರ ಹಿಂದಿನ ಯಂತ್ರ ಸಿಸ್ಟಂ/38ರಿಂದ ಅದಕ್ಕೆ ಬಂದ ದೊಡ್ಡ ಆಸ್ತಿ ಎಂದರೆ ಮೆಷಿನ್ ಇಂಟರ್ಫೇಸ್ ಎಂಬ ಪದರ. ಕಂಪೈಲರ್ ಪ್ರೊಸೆಸರ್‌ಗಾಗಿ ಬರೆಯುವುದಿಲ್ಲ, ಈ ಪದರಕ್ಕಾಗಿ ಬರೆಯುತ್ತದೆ. ಅಲ್ಲಿಂದ ಕೆಳಗೆ ನಿಜವಾದ ಪ್ರೊಸೆಸರ್ ಕೋಡಿಗೆ ಇಳಿಸುವುದು ಓಎಸ್‌ನ ಕೆಲಸ. 1995ರಲ್ಲಿ ಐಬಿಎಂ 48 ಬಿಟ್‌ನ ಹಳೆಯ ಪ್ರೊಸೆಸರ್ ಬಿಟ್ಟು 64 ಬಿಟ್‌ನ ಪವರ್‌ಪಿಸಿ ಕುಟುಂಬಕ್ಕೆ ಹೋದಾಗ, ಪ್ರೋಗ್ರಾಮಿನೊಳಗೆ ಮಧ್ಯಂತರ ರೂಪ ಉಳಿದಿದ್ದವರಿಗೆ ಮತ್ತೆ ಕಂಪೈಲ್ ಮಾಡುವ ಅಗತ್ಯವೇ ಬರಲಿಲ್ಲ, ಯಂತ್ರವೇ ಪರಿವರ್ತಿಸಿಕೊಂಡಿತು. 2008ರಲ್ಲಿ ಓಎಸ್‌ನ 6.1 ರಿಲೀಸ್ ಬಂದಾಗಲೂ ಎಲ್ಲ ಪ್ರೋಗ್ರಾಂಗಳಿಗೆ ಇದೇ ರೀತಿಯ ಪರಿವರ್ತನೆ ಬೇಕಾಯಿತು. ಎರಡು ಸಲವೂ ಒದ್ದಾಡಿದವರು, ಜಾಗ ಉಳಿಸಲೆಂದೋ ಕೋಡ್ ಬಚ್ಚಿಡಲೆಂದೋ ಆ ಮಧ್ಯಂತರ ಮಾಹಿತಿಯನ್ನು ಅಳಿಸಿ, ಮೇಲಿಂದ ಸೋರ್ಸನ್ನೂ ಕಳೆದುಕೊಂಡಿದ್ದವರು. ವಿ5ಆರ್1 (ಅಂದರೆ 5.1) ಮತ್ತು ಅದರ ನಂತರದ ರಿಲೀಸಿಗೆ ಕಂಪೈಲ್ ಮಾಡಿದ ಪ್ರೋಗ್ರಾಂಗಳಲ್ಲಿ ಈ ಮಾಹಿತಿ ಹೇಗೂ ಒಳಗೇ ಉಳಿಯುತ್ತದೆ. ಆದರೂ ಪ್ರತಿ ಬಿಡುಗಡೆಯ ಸೋರ್ಸನ್ನು, ಅದು ಯಾವ ಕಂಪೈಲ್ ಆಯ್ಕೆಗಳಲ್ಲಿ ಹೊರಬಂತು ಎಂಬುದರ ಸಮೇತ, ಗಿಟ್‌ನಲ್ಲಿ ಟ್ಯಾಗ್ ಹಾಕಿ ಇಡಿ.

ಈ ಭರವಸೆಯ ಇನ್ನೊಂದು ಮಗ್ಗುಲು: ಅದು ದಾಖಲಾದ ಇಂಟರ್ಫೇಸ್‌ಗಳಿಗೆ ಮಾತ್ರ. ಸಿಸ್ಟಂನ ಒಳ ರಚನೆಗಳನ್ನು ಪಾಯಿಂಟರ್ ಹಿಡಿದು ನೇರವಾಗಿ ಓದುವ ಜಾಣತನ, ಕ್ಯೂಸೆಕ್ಯೂರಿಟಿ ಎಂಬ ಭದ್ರತಾ ಮಟ್ಟ 40ರಲ್ಲಿರುವ ಯಂತ್ರದ ಮೇಲೆ ಡೊಮೈನ್ ಉಲ್ಲಂಘನೆ ಎಂದು ನಿಂತುಹೋಗುತ್ತದೆ. ಮಾಹಿತಿ ಬೇಕಾದರೆ ಎಪಿಐ ಕರೆಯಿರಿ, ಇಲ್ಲವೇ ಕ್ಯೂಸಿಸ್2 ಸ್ಕೀಮಾದಲ್ಲಿರುವ ಎಸ್‌ಕ್ಯೂಎಲ್ ಸರ್ವಿಸ್‌ಗಳನ್ನು ಬಳಸಿ. ಪಟ್ಟಿ ಕೊಡುವ ಎಪಿಐಗಳು ಫಲಿತಾಂಶ ತುಂಬುವ ಯೂಸರ್ ಸ್ಪೇಸ್ ಎಂಬ ವಸ್ತುವಿನ ತಲೆಭಾಗದಲ್ಲಿ ಆಫ್‌ಸೆಟ್ ಮತ್ತು ಪ್ರತಿ ನಮೂದಿನ ಉದ್ದ ಬರೆದಿಡುತ್ತವೆ. ಆ ಎರಡನ್ನು ಓದಿಯೇ ಮುಂದೆ ಸಾಗಬೇಕು, ಉದ್ದವನ್ನು ಕೋಡಿನಲ್ಲಿ ಅಚ್ಚು ಹಾಕಬಾರದು. ಕ್ಯೂಸಿಸ್2 ವ್ಯೂಗಳ ಮೇಲೆ ‘ಸೆಲೆಕ್ಟ್ *’ ಬರೆಯಲೇಬೇಡಿ. ಟೆಕ್ನಾಲಜಿ ರಿಫ್ರೆಶ್ (ರಿಲೀಸುಗಳ ನಡುವೆ ಬರುವ ಪರಿಷ್ಕರಣೆ) ಬಂದಾಗಲೆಲ್ಲ ಅವುಗಳಿಗೆ ಹೊಸ ಕಾಲಂ ಸೇರುತ್ತಿರುತ್ತದೆ, ನಿಮ್ಮ ಫೆಚ್ ಅಲ್ಲೇ ಬೀಳುತ್ತದೆ.

ಇನ್ನು ಟಾರ್ಗೆಟ್ ರಿಲೀಸ್, ಅಂದರೆ ಪ್ರೋಗ್ರಾಂ ಓಡಬೇಕಾದ ಅತಿ ಹಳೆಯ ಓಎಸ್ ರಿಲೀಸ್. ನೀವು 7.5ರ ಮೇಲೆ ಕಂಪೈಲ್ ಮಾಡಿ ಏನೂ ಹೇಳದೆ ಬಿಟ್ಟರೆ ಆ ಪ್ರೋಗ್ರಾಂ 7.4ರ ಗ್ರಾಹಕರ ಯಂತ್ರಕ್ಕೆ ಇಳಿಯುವುದಿಲ್ಲ. ಕಂಪೈಲ್ ಆದೇಶದಲ್ಲಿ ಟಿಜಿಟಿಆರ್‌ಎಲ್‌ಎಸ್ ಎಂಬ ಪ್ಯಾರಾಮೀಟರಿಗೆ ವಿ7ಆರ್4ಎಂ0 ಎಂದು ಕೊಡಬೇಕು. ಸೇವ್ ಮಾಡುವ ಆದೇಶದಲ್ಲೂ ಅದನ್ನೇ ಕೊಡಬೇಕು. ಎರಡರಲ್ಲಿ ಒಂದನ್ನು ಮರೆತರೂ ಫಲ ಒಂದೇ. ಸಾಮಾನ್ಯವಾಗಿ ಈಗಿನ ರಿಲೀಸಿನಿಂದ ಹಿಂದಿನ ಎರಡು ರಿಲೀಸಿನವರೆಗೆ ಮಾತ್ರ ಹೀಗೆ ಹಿಂದಕ್ಕೆ ಹೋಗಬಹುದು: 7.5ರಿಂದ 7.4 ಮತ್ತು 7.3ಕ್ಕೆ, 7.6ರಿಂದ 7.5 ಮತ್ತು 7.4ಕ್ಕೆ. ಆದ್ದರಿಂದ ಬಿಲ್ಡ್ ಯಂತ್ರವನ್ನು ಅವಸರದಲ್ಲಿ ಮೇಲ್ದರ್ಜೆಗೆ ಏರಿಸಬೇಡಿ. ನಿಮ್ಮ ಅತಿ ಹಳೆಯ ಗ್ರಾಹಕರು ಎಲ್ಲಿದ್ದಾರೋ ಅದೇ ನಿಮ್ಮ ಮಿತಿ. ಈ ಯಂತ್ರದ ಮುಖ್ಯ ವ್ಯವಹಾರ ಭಾಷೆಯಾದ ಆರ್‌ಪಿಜಿಯ ಎಷ್ಟೋ ಹೊಸ ಫಂಕ್ಷನ್‌ಗಳು ರಿಲೀಸಿನ ಜೊತೆಗಲ್ಲ, ಪಿಟಿಎಫ್ (ಐಬಿಎಂ ಕಳಿಸುವ ತಿದ್ದುಪಡಿ) ಮೂಲಕ ಬರುತ್ತವೆ. ಅಂಥವನ್ನು ಬಳಸಿದರೆ ಗ್ರಾಹಕರ ಕಡೆಯೂ ರನ್‌ಟೈಮ್ ಪಿಟಿಎಫ್ ಬೇಕಾಗಬಹುದು. ಅದನ್ನು ಇನ್‌ಸ್ಟಾಲ್ ಪ್ರೋಗ್ರಾಮೇ ಮೊದಲು ಪರೀಕ್ಷಿಸಿ, ಇಲ್ಲದಿದ್ದರೆ ಪಿಟಿಎಫ್ ಸಂಖ್ಯೆ ಹೇಳಿ ನಿಲ್ಲಬೇಕು.

ಲೈಬ್ರರಿಗಳನ್ನು ಮೂರು ಮಾಡಿ. ಪ್ರೋಗ್ರಾಂಗಳಿಗೆ ಒಂದು, ದತ್ತಾಂಶಕ್ಕೆ ಒಂದು, ಗ್ರಾಹಕರು ತಾವೇ ಬದಲಿಸಿಕೊಂಡ ವಸ್ತುಗಳಿಗೆ ಒಂದು. ಈ ಮೂರನೆಯದು ಲೈಬ್ರರಿ ಲಿಸ್ಟ್‌ನಲ್ಲಿ ನಿಮ್ಮ ಪ್ರೋಗ್ರಾಂ ಲೈಬ್ರರಿಗಿಂತ ಮೇಲೆ ಕೂರಬೇಕು. ಹೊಸ ಆವೃತ್ತಿ ಬಂದಾಗ ಮೊದಲನೆಯದನ್ನು ಇಡಿಯಾಗಿ ಬದಲಿಸಬಹುದು, ಉಳಿದೆರಡನ್ನು ಮುಟ್ಟಬೇಕಿಲ್ಲ. ದತ್ತಾಂಶ ಲೈಬ್ರರಿಯ ಮೇಲೆ ಯಾವ ಕಾರಣಕ್ಕೂ ರಿಸ್ಟೋರ್ ನಡೆಸಬೇಡಿ: ಫೈಲಿನ ಮಟ್ಟ ಹೊಂದಿಕೆಯಾದರೆ ಗ್ರಾಹಕರ ದಾಖಲೆಗಳ ಜಾಗದಲ್ಲಿ ನಿಮ್ಮ ಖಾಲಿ ಮಾದರಿ ಬಂದು ಕೂರುತ್ತದೆ. ಫೈಲಿನ ರೂಪ ಬದಲಿಸಬೇಕಾದರೆ ‘ಆಲ್ಟರ್ ಟೇಬಲ್’ ಅಥವಾ ಸಿಎಚ್‌ಜಿಪಿಎಫ್ ಆದೇಶ ಬಳಸಿ. ದಾಖಲೆಗಳೂ ಅವಲಂಬಿತ ಲಾಜಿಕಲ್ ಫೈಲುಗಳೂ (ಫೈಲಿನ ಮೇಲೆ ಕಟ್ಟಿದ ನೋಟಗಳು) ಹಾಗೇ ಉಳಿಯುತ್ತವೆ. ಹೆಸರುಗಳಿಗೆ ಹತ್ತೇ ಅಕ್ಷರ. ಮೊದಲ ಮೂರನ್ನು ನಿಮ್ಮ ಗುರುತಿಗೆ ಕೊಡಿ, ಕ್ಯೂನಿಂದ ಮಾತ್ರ ಆರಂಭಿಸಬೇಡಿ. ಅದು ಐಬಿಎಂ ತನಗಾಗಿ ಇಟ್ಟುಕೊಂಡ ಅಕ್ಷರ. ಗ್ರಾಹಕರು ನೇರವಾಗಿ ಕರೆಯುವ ಕಮಾಂಡ್‌ಗಳಿಗೆ ಪ್ರಾಡಕ್ಟ್ ಲೈಬ್ರರಿ ಪ್ಯಾರಾಮೀಟರ್ ಕೊಟ್ಟರೆ, ಕಮಾಂಡ್ ಓಡುವಷ್ಟು ಹೊತ್ತು ನಿಮ್ಮ ಲೈಬ್ರರಿ ತಾನಾಗಿ ಲಿಸ್ಟ್‌ಗೆ ಸೇರಿ ಆಮೇಲೆ ಕಳಚಿಕೊಳ್ಳುತ್ತದೆ.

ಜಾವಾ ಕಡೆಯಿಂದ ಬರುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಜೆಡಿಬಿಸಿ ಅಥವಾ ಒಡಿಬಿಸಿ ಸಂಪರ್ಕ ಬಂದು ಕೂರುವುದು ಕ್ಯೂಝಡ್‌ಡಿಎಎಸ್‌ಒಇನಿಟ್ ಎಂಬ ಜಾಬಿನಲ್ಲಿ (ಲಿನಕ್ಸ್‌ನ ಪ್ರೊಸೆಸ್ ಇದ್ದಂತೆ). ಹಸಿರು ಪರದೆಯಲ್ಲಿ (ಅಕ್ಷರಗಳಷ್ಟೇ ಕಾಣುವ ಟರ್ಮಿನಲ್) ಸೈನ್ ಆನ್ ಆದಾಗ ಓಡುವ ಆರಂಭದ ಪ್ರೋಗ್ರಾಂ ಅಲ್ಲಿ ಓಡುವುದೇ ಇಲ್ಲ. ಆ ಪ್ರೋಗ್ರಾಂ ಲೈಬ್ರರಿ ಲಿಸ್ಟ್ ಕಟ್ಟುತ್ತದೆ ಎಂದು ನಂಬಿದ್ದರೆ, ಪರದೆಯಲ್ಲಿ ಸರಿಯಾಗಿ ನಡೆಯುವ ಅದೇ ಪ್ರೊಸೀಜರ್ ವೆಬ್‌ನಿಂದ ಕರೆದಾಗ ಎಸ್‌ಕ್ಯೂಎಲ್0204 ಕೊಡುತ್ತದೆ, ಅಂದರೆ ಫೈಲ್ ಸಿಗಲಿಲ್ಲ. ಲಿಸ್ಟನ್ನು ಸಂಪರ್ಕದ ಗುಣಲಕ್ಷಣಗಳಲ್ಲಿ ಅಥವಾ ಬಳಕೆದಾರರ ಜಾಬ್ ಡಿಸ್ಕ್ರಿಪ್ಶನ್‌ನಲ್ಲಿ ಕೊಡಿ. ಫೈರ್‌ವಾಲ್ ತೆರೆಸುವವರಿಗೆ: ಪೋರ್ಟ್ ಹುಡುಕಿಕೊಡುವ ಸೇವೆ 449ರಲ್ಲಿ, ಡೇಟಾಬೇಸ್ 8471ರಲ್ಲಿ, ಸೈನ್ ಆನ್ 8476ರಲ್ಲಿ, ಟಿಎಲ್‌ಎಸ್ ಆದರೆ ಕೊನೆಯ ಎರಡು 9471 ಮತ್ತು 9476.

ಈಗ ಫೈಲಿನ ರೂಪದ ವಿಷಯ. ಆರ್‌ಪಿಜಿ ಪ್ರೋಗ್ರಾಂ ಒಂದು ಫೈಲನ್ನು ನೇರವಾಗಿ ತೆರೆದರೆ, ಕಂಪೈಲ್ ಹೊತ್ತಿನಲ್ಲಿ ಆ ಫೈಲಿನ ರೆಕಾರ್ಡ್ ಫಾರ್ಮ್ಯಾಟಿನ ಮಟ್ಟದ ಗುರುತು ಪ್ರೋಗ್ರಾಮಿನೊಳಗೆ ಸೇರಿಕೊಳ್ಳುತ್ತದೆ. ಫೀಲ್ಡಿನ ಹೆಸರು, ಉದ್ದ, ಬಗೆ, ಕ್ರಮ ಯಾವುದು ಬದಲಾದರೂ ಗುರುತು ಬದಲಾಗುತ್ತದೆ. ಮುಂದೆ ತೆರೆಯುವಾಗ ಎರಡೂ ಹೊಂದದಿದ್ದರೆ ಸಿಪಿಎಫ್4131, ಅಂದರೆ ಲೆವೆಲ್ ಚೆಕ್ ದೋಷ. ನೀವು ದಾಸ್ತಾನು ಫೈಲಿಗೆ ಒಂದೇ ಒಂದು ಫೀಲ್ಡ್ ಸೇರಿಸಿದಿರಿ ಎನ್ನಿ. ಗ್ರಾಹಕರು ತಾವೇ ಬರೆದುಕೊಂಡ ಹತ್ತಾರು ವರದಿ ಪ್ರೋಗ್ರಾಂಗಳು ಮರುದಿನ ಬೆಳಿಗ್ಗೆ ಒಟ್ಟಿಗೆ ನಿಲ್ಲುತ್ತವೆ. ಲೆವೆಲ್ ಚೆಕ್ ಬೇಡ ಎಂದು ಫೈಲಿಗೆ ಹೇಳಿ ಬಾಯಿ ಮುಚ್ಚಿಸುವ ಸಲಹೆ ಬಹಳ ಕಡೆ ಸಿಗುತ್ತದೆ. ಅದನ್ನು ಕೇಳಬೇಡಿ. ನಡುವೆ ಫೀಲ್ಡ್ ಸೇರಿದ್ದರೆ ದತ್ತಾಂಶ ಪಕ್ಕಕ್ಕೆ ಜಾರುತ್ತದೆ, ಮೊತ್ತದ ಜಾಗದಲ್ಲಿ ಹೆಸರಿನ ಬೈಟ್‌ಗಳು ಬರುತ್ತವೆ. ಅದೃಷ್ಟವಿದ್ದರೆ ಡೆಸಿಮಲ್ ಡೇಟಾ ದೋಷ ಬಂದು ನಿಲ್ಲುತ್ತದೆ, ಇಲ್ಲದಿದ್ದರೆ ತಪ್ಪು ಅಂಕಿಯೇ ಬರೆಯಲ್ಪಡುತ್ತದೆ. ಸರಿಯಾದ ದಾರಿ ಬೇರೆ ಇದೆ. ಹೊರಗಿನವರಿಗೆಂದು, ಫೀಲ್ಡುಗಳನ್ನು ಒಂದೊಂದಾಗಿ ಹೆಸರಿಸಿದ ಲಾಜಿಕಲ್ ಫೈಲ್ ಅಥವಾ ವ್ಯೂ ಕೊಡಿ. ಅದಕ್ಕೆ ತನ್ನದೇ ಫಾರ್ಮ್ಯಾಟ್ ಗುರುತು ಇರುತ್ತದೆ. ಕೆಳಗಿನ ಫೈಲಿಗೆ ಫೀಲ್ಡ್ ಸೇರಿದರೂ ಅದು ಕದಲುವುದಿಲ್ಲ. ಫೀಲ್ಡ್ ಹೆಸರಿಸದೆ ಕೆಳಗಿನ ಫೈಲಿನ ಫಾರ್ಮ್ಯಾಟನ್ನೇ ಹಂಚಿಕೊಂಡ ಲಾಜಿಕಲ್ ಫೈಲಿಗೆ ಈ ರಕ್ಷಣೆ ಇಲ್ಲ ಎಂಬುದನ್ನು ನೆನಪಿಡಿ.

ಸರ್ವಿಸ್ ಪ್ರೋಗ್ರಾಮಿಗೂ ಇದೇ ಬಗೆಯ ಕಾವಲಿದೆ, ಮತ್ತು ಹೊಸಬರು ಹೆಚ್ಚು ಎಡವುವುದು ಇಲ್ಲೇ. ಉದಾಹರಣೆಗೆ ನಿಮ್ಮ ಸರ್ವಿಸ್ ಪ್ರೋಗ್ರಾಂ ಮೂರು ಪ್ರೊಸೀಜರ್ ಹೊರಕ್ಕೆ ಕೊಡುತ್ತದೆ: ದಾಸ್ತಾನು ಓದು, ದಾಸ್ತಾನು ಕಾಯ್ದಿರಿಸು, ಕಾಯ್ದಿರಿಸಿದ್ದನ್ನು ಬಿಡು. ಬೈಂಡರ್ ಸೋರ್ಸ್ ಇಲ್ಲದೆ, ಎಲ್ಲವನ್ನೂ ಹೊರಗೆ ಕೊಡು ಎಂದು ಕಟ್ಟಿದರೆ ಸಿಸ್ಟಂ ಈ ಹೆಸರುಗಳಿಂದ ತಾನೇ ಒಂದು ಸಿಗ್ನೇಚರ್, ಅಂದರೆ ಹೊಂದಿಕೆ ತಾಳೆ ನೋಡುವ ಗುರುತು, ಮಾಡುತ್ತದೆ. ನಾಳೆ ‘ಸ್ಥಳ ಬದಲಿಸು’ ಎಂಬ ನಾಲ್ಕನೆಯದು ಸೇರಿದರೆ ಸಿಗ್ನೇಚರೇ ಬೇರೆ. ಹಳೆಯದಕ್ಕೆ ಕಟ್ಟಿಕೊಂಡಿದ್ದ ಗ್ರಾಹಕರ ಪ್ರೋಗ್ರಾಂ ಎಂಸಿಎಚ್4431 ಹೇಳಿ ಏಳುವುದೇ ಇಲ್ಲ. ಇದಕ್ಕೆ ಮದ್ದು ಬೈಂಡರ್ ಭಾಷೆಯ ಸಣ್ಣ ಸೋರ್ಸ್. ಅದರಲ್ಲಿ ‘ಈಗಿನದು’ ಎಂಬ ಬ್ಲಾಕಿನಲ್ಲಿ ನಾಲ್ಕು ಹೆಸರು, ‘ಹಿಂದಿನದು’ ಎಂಬ ಬ್ಲಾಕಿನಲ್ಲಿ ಹಳೆಯ ಮೂರು ಅದೇ ಕ್ರಮದಲ್ಲಿ. ಆಗ ಎರಡೂ ಸಿಗ್ನೇಚರ್ ಮಾನ್ಯ. ಅಥವಾ ಸಿಗ್ನೇಚರ್ ಎಂದು ನಿಮ್ಮದೇ ಒಂದು ಸ್ಥಿರ ಹೆಸರು ಕೊಟ್ಟು ಒಂದೇ ಬ್ಲಾಕ್ ಇಟ್ಟುಕೊಳ್ಳಬಹುದು. ಮಾರುವ ಪ್ಯಾಕೇಜಿಗೆ ನನ್ನ ಮತ ಈ ಎರಡನೆಯದಕ್ಕೆ, ಏಕೆಂದರೆ ಹತ್ತು ಬಿಡುಗಡೆಗಳ ನಂತರ ಹತ್ತು ಬ್ಲಾಕ್‌ಗಳನ್ನು ತಪ್ಪಿಲ್ಲದೆ ಕಾಯುವುದು ಕಷ್ಟ. ಆದರೆ ಅದಕ್ಕೊಂದು ಕಟ್ಟುನಿಟ್ಟಿನ ನಿಯಮ: ಹೊಸ ಹೆಸರು ಯಾವಾಗಲೂ ಪಟ್ಟಿಯ ಕೊನೆಗೇ ಸೇರಬೇಕು, ಹಳೆಯದನ್ನು ತೆಗೆಯಬಾರದು, ಅಕ್ಷರ ಕ್ರಮಕ್ಕೆ ಜೋಡಿಸಬಾರದು. ಕರೆಯುವ ಪ್ರೋಗ್ರಾಂ ಪ್ರೊಸೀಜರನ್ನು ಹುಡುಕುವುದು ಹೆಸರಿನಿಂದಲ್ಲ, ಪಟ್ಟಿಯಲ್ಲಿ ಅದು ಎಷ್ಟನೆಯದು ಎಂಬುದರಿಂದ. ‘ಸ್ಥಳ ಬದಲಿಸು’ ಎಂಬುದನ್ನು ಎರಡನೆಯ ಸಾಲಿಗೆ ತುರುಕಿದರೆ, ಕಾಯ್ದಿರಿಸಲು ಕರೆದ ಹಳೆಯ ಪ್ರೋಗ್ರಾಂ ಸ್ಥಳ ಬದಲಿಸಿ ಬರುತ್ತದೆ. ಸಿಗ್ನೇಚರ್ ಸ್ಥಿರವಾಗಿರುವುದರಿಂದ ಯಾವ ದೋಷ ಸಂದೇಶವೂ ಬರುವುದಿಲ್ಲ. ಹಳೆಯ ಪ್ರೊಸೀಜರಿಗೆ ಪ್ಯಾರಾಮೀಟರ್ ಸೇರಿಸುವುದಾದರೂ ಅಷ್ಟೇ: ಕೊನೆಯಲ್ಲಿ, ಐಚ್ಛಿಕವಾಗಿ, ಎಷ್ಟು ಬಂದಿವೆ ಎಂದು ಎಣಿಸಿ ನೋಡಿದ ಮೇಲೆಯೇ ಬಳಸಬೇಕು.

ಆಕ್ಟಿವೇಶನ್ ಗ್ರೂಪ್ (ಒಂದು ಜಾಬಿನೊಳಗೆ ಪ್ರೋಗ್ರಾಂಗಳು ಓಡುವ ಪ್ರತ್ಯೇಕ ವಿಭಾಗ) ಬಗ್ಗೆ ಪುಸ್ತಕಗಳು ಉದ್ದಕ್ಕೂ ಹೇಳುತ್ತವೆ. ನಿಮಗೆ ಬೇಕಾದದ್ದು ಒಂದು ತೀರ್ಮಾನ. ಮೆನುವಿನಿಂದ ಹೊರಡುವ ಮುಖ್ಯ ಪ್ರೋಗ್ರಾಂಗಳಿಗೆ ನಿಮ್ಮದೇ ಹೆಸರಿನ ಗ್ರೂಪ್; ಗ್ರಾಹಕರು ಕರೆಯುವ ಸರ್ವಿಸ್ ಪ್ರೋಗ್ರಾಂ ಮತ್ತು ಟ್ರಿಗರ್‌ಗಳಿಗೆ *ಕಾಲರ್, ಅಂದರೆ ಕರೆದವರದೇ ಗ್ರೂಪ್. ಏಕೆಂದರೆ ಕಮಿಟ್‌ನ ವ್ಯಾಪ್ತಿ ಸಾಮಾನ್ಯವಾಗಿ ಆಕ್ಟಿವೇಶನ್ ಗ್ರೂಪಿನ ಮಟ್ಟದ್ದು. ನಿಮ್ಮ ಸರ್ವಿಸ್ ಪ್ರೋಗ್ರಾಂ ಬೇರೆ ಗ್ರೂಪಿನಲ್ಲಿದ್ದರೆ ಗ್ರಾಹಕರು ರೋಲ್‌ಬ್ಯಾಕ್ ಮಾಡಿದಾಗ ಅವರ ಬಿಲ್ ಹಿಂದೆ ಹೋಗುತ್ತದೆ, ನಿಮ್ಮ ದಾಸ್ತಾನು ಕಡಿತ ಹಾಗೇ ಉಳಿಯುತ್ತದೆ. ಒಂದೇ ಜಾಬಿನೊಳಗೆ ಎರಡು ಗ್ರೂಪುಗಳು ಒಂದೇ ದಾಖಲೆಗೆ ಕೈಹಾಕಿ ತಮ್ಮನ್ನು ತಾವೇ ಲಾಕ್ ಮಾಡಿಕೊಂಡು, 1218 ಸ್ಟೇಟಸ್ ಬರುವುದೂ ಉಂಟು. ಅದೇ ಗ್ರೂಪಿನಲ್ಲಿದ್ದರೆ ಇನ್ನೊಂದು ಹೊಣೆ ಬರುತ್ತದೆ: ನೀವು ಎಂದೂ ಕಮಿಟ್ ಹೇಳಬಾರದು, ಹೇಳಿದರೆ ಅವರ ಅರೆಬರೆ ಬದಲಾವಣೆಗಳೂ ಸೇರಿ ಕಾಯಂ ಆಗುತ್ತವೆ. ಇದರ ಜೊತೆಗೆ ಜರ್ನಲ್, ಅಂದರೆ ಕಮಿಟ್‌ಗೆ ಬೇಕಾದ ಬದಲಾವಣೆಗಳ ದಾಖಲೆ. ಎಸ್‌ಕ್ಯೂಎಲ್ ಮೂಲಕ ಸ್ಕೀಮಾ ಸೃಷ್ಟಿಸಿದರೆ ಟೇಬಲ್‌ಗಳಿಗೆ ಜರ್ನಲ್ ತಾನಾಗಿ ಹಚ್ಚಿಕೊಳ್ಳುತ್ತದೆ, ಲೈಬ್ರರಿ ಆದೇಶದಿಂದ ಸೃಷ್ಟಿಸಿದರೆ ಇಲ್ಲ. ‘ನಿಮ್ಮಲ್ಲಿ ಓಡುತ್ತದೆ, ನಮ್ಮಲ್ಲಿ ಎಸ್‌ಕ್ಯೂಎಲ್7008 ಬರುತ್ತದೆ’ ಎಂಬ ಕರೆಗಳಿಗೆ ಬಹುತೇಕ ಕಾರಣ ಇದೇ.

ಅಧಿಕಾರದ ವಿಷಯದಲ್ಲಿ ಕೈ ಬಿಗಿಯಾಗಿರಲಿ. ‘ಎಲ್ಲ ವಸ್ತುಗಳ ಅಧಿಕಾರ ಇರುವ ಪ್ರೊಫೈಲ್ ಕೊಡಿ, ಇಲ್ಲದಿದ್ದರೆ ಓಡುವುದಿಲ್ಲ’ ಎನ್ನುವ ಪ್ಯಾಕೇಜನ್ನು ಗ್ರಾಹಕರ ಆಡಿಟರ್ ಹೊರಗಟ್ಟಬೇಕು, ಅದೇ ಸರಿ. ಪಾಸ್‌ವರ್ಡ್ ಇಲ್ಲದ ಒಂದು ಒಡೆಯ ಪ್ರೊಫೈಲ್ ಸೃಷ್ಟಿಸಿ, ನಿಮ್ಮ ವಸ್ತುಗಳೆಲ್ಲ ಅದರ ಹೆಸರಿನಲ್ಲಿರಲಿ, ಅಗತ್ಯವಿರುವ ಕೆಲವೇ ಪ್ರೋಗ್ರಾಂಗಳು ಆ ಒಡೆಯನ ಅಧಿಕಾರವನ್ನು ಎರವಲು ಪಡೆಯಲಿ. ಈ ಪ್ರೊಫೈಲ್ ರಿಸ್ಟೋರ್‌ಗಿಂತ ಮೊದಲೇ ಇರಬೇಕು. ಇಲ್ಲದಿದ್ದರೆ ವಸ್ತುಗಳು ಕ್ಯೂಡಿಎಫ್‌ಟಿಓನ್ ಎಂಬ ಪೂರ್ವನಿಯೋಜಿತ ಒಡೆಯ ಪ್ರೊಫೈಲಿನ ಪಾಲಾಗುತ್ತವೆ, ಎರವಲು ಅಧಿಕಾರ ಕೆಲಸಕ್ಕೆ ಬರುವುದಿಲ್ಲ. ಎರವಲು ಪಡೆಯುವ ಪ್ರೋಗ್ರಾಮಿನೊಳಗಿನ ಪ್ರತಿ ಕರೆಗೂ ಲೈಬ್ರರಿಯ ಹೆಸರು ಕೊಡಿ. ಲೈಬ್ರರಿ ಲಿಸ್ಟ್‌ಗೆ ಬಿಟ್ಟರೆ, ಯಾರಾದರೂ ಅದೇ ಹೆಸರಿನ ತಮ್ಮ ಪ್ರೋಗ್ರಾಂ ಮೇಲೆ ಇಟ್ಟು ನಿಮ್ಮ ಒಡೆಯನ ಅಧಿಕಾರದಲ್ಲಿ ಓಡಿಸಬಹುದು. ಎರಡು ಮಿತಿಗಳಿವೆ. ಸ್ಟಾಟಿಕ್ ಎಸ್‌ಕ್ಯೂಎಲ್ ಎರವಲು ಅಧಿಕಾರದಲ್ಲಿ ಓಡಿದರೂ ಡೈನಮಿಕ್ ಎಸ್‌ಕ್ಯೂಎಲ್ ಪೂರ್ವನಿಯೋಜಿತವಾಗಿ ಬಳಕೆದಾರರ ಅಧಿಕಾರದಲ್ಲೇ ಓಡಿ ಎಸ್‌ಕ್ಯೂಎಲ್0551, ಅಂದರೆ ಅಧಿಕಾರವಿಲ್ಲ ಎಂಬ ದೋಷ, ಕೊಡುತ್ತದೆ. ಕಂಪೈಲ್ ಹೊತ್ತಿನಲ್ಲಿ ಡೈನಮಿಕ್ ಯೂಸರ್ ಪ್ರೊಫೈಲ್ ಆಯ್ಕೆಯನ್ನು *ಓನರ್ ಮಾಡಬೇಕು. ಐಎಫ್‌ಎಸ್ (ಯುನಿಕ್ಸ್ ರೀತಿಯ ಕಡತ ವ್ಯವಸ್ಥೆ) ಕಡತಗಳಿಗೆ ಎರವಲು ಅಧಿಕಾರ ಲೆಕ್ಕಕ್ಕೇ ಇಲ್ಲ. ಅಲ್ಲಿ ಎಪಿಐ ಮೂಲಕ ಪ್ರೊಫೈಲ್ ಬದಲಿಸಿಕೊಂಡು, ಕೆಲಸ ಮುಗಿದ ಕೂಡಲೇ, ದೋಷ ಬಂದು ಹೊರಬೀಳುವ ದಾರಿಯಲ್ಲೂ, ಮೊದಲಿನದಕ್ಕೆ ಮರಳಬೇಕು.

ಅಕ್ಷರಗಳು. ಈ ಯಂತ್ರ ಬಳಸುವ ಎಬ್‌ಸಿಡಿಕ್ ಅಕ್ಷರ ಕೋಡಿನಲ್ಲಿ ದೇಶದಿಂದ ದೇಶಕ್ಕೆ ಜಾಗ ಬದಲಿಸುವ ಚಿಹ್ನೆಗಳಿವೆ. ಕೋಡ್ 37ರಲ್ಲಿ ಹ್ಯಾಶ್, ಆಟ್, ಡಾಲರ್ ಚಿಹ್ನೆಗಳಿರುವ ಮೂರು ಸ್ಥಾನಗಳಲ್ಲಿ ಡೆನ್ಮಾರ್ಕ್ ಮತ್ತು ನಾರ್ವೆಯ 277ರಲ್ಲಿ ಅವರ ಭಾಷೆಯ ಮೂರು ಅಕ್ಷರಗಳು ಕೂತಿವೆ. ವಸ್ತುವಿನ ಹೆಸರಿನಲ್ಲಿ ಈ ಚಿಹ್ನೆಗಳು ಅನುಮತಿಸಲ್ಪಟ್ಟಿದ್ದರೂ ನೀವು ಬಳಸಬೇಡಿ. ಸಿಎಲ್ (ಯಂತ್ರದ ಆದೇಶ ಭಾಷೆ) ಮತ್ತು ಎಸ್‌ಕ್ಯೂಎಲ್‌ನಲ್ಲಿ ಪಠ್ಯ ಜೋಡಿಸಲು ಎರಡು ನೆಟ್ಟಗೆರೆಗಳ ಬದಲು *ಕ್ಯಾಟ್ ಮತ್ತು ಕಾನ್‌ಕ್ಯಾಟ್ ಎಂದು ಪದದಲ್ಲೇ ಬರೆಯಿರಿ. ಪಠ್ಯದ ಪ್ರತಿ ಕಾಲಂಗೂ ಸಿಸಿಎಸ್ಐಡಿ (ಅಕ್ಷರ ಕೋಡಿನ ಸಂಖ್ಯೆ) ಸ್ಪಷ್ಟವಾಗಿ ಕೊಡಿ, ಹೊಸದಾದರೆ 1208, ಅಂದರೆ ಯುಟಿಎಫ್-8. 65535 ಎಂದರೆ ಪರಿವರ್ತನೆ ಬೇಡ ಎಂದರ್ಥ, ಒಡಿಬಿಸಿಯಲ್ಲಿ ಅದು ಓದಲಾಗದ ಬೈಟ್‌ಗಳಾಗಿ ಕಾಣುತ್ತದೆ. ದಶಮಾಂಶಕ್ಕೆ ಅಲ್ಪವಿರಾಮ ಬಳಸುವ ಜಾಬಿನಲ್ಲಿ ‘1,2’ ಎಂಬುದು ಎರಡು ಮೌಲ್ಯವಲ್ಲ, ಒಂದೇ ಸಂಖ್ಯೆ. ಎಸ್‌ಕ್ಯೂಎಲ್ ಪಟ್ಟಿಯಲ್ಲಿ ಪ್ರತಿ ಅಲ್ಪವಿರಾಮದ ನಂತರ ಒಂದು ಜಾಗ ಬಿಡುವ ಅಭ್ಯಾಸ ಇದನ್ನು ತಪ್ಪಿಸುತ್ತದೆ.

ತಲುಪಿಸುವುದು ಸೇವ್ ಫೈಲಿನಲ್ಲಿ, ಅಂದರೆ ವಸ್ತುಗಳನ್ನು ಕಟ್ಟಿಡುವ ಫೈಲಿನಲ್ಲಿ. ಅದರ ದಾಖಲೆಗಳು ತಲಾ 528 ಬೈಟ್. ಗ್ರಾಹಕರ ಕಡೆ ಮೊದಲು ಖಾಲಿ ಸೇವ್ ಫೈಲ್ ಸೃಷ್ಟಿಸಿ, ಎಫ್‌ಟಿಪಿಯಲ್ಲಿ ಬೈನರಿ ಎಂದು ಹೇಳಿ, ಆಮೇಲೆ ಕಳಿಸಬೇಕು. ಬೈನರಿ ಮರೆತರೆ ಅಕ್ಷರ ಪರಿವರ್ತನೆಯಾಗಿ ಫೈಲ್ ಕೆಡುತ್ತದೆ. ಮೊದಲೇ ಸೃಷ್ಟಿಸದಿದ್ದರೆ ಸಾಧಾರಣ ಫೈಲಾಗಿ ಇಳಿದು, ರಿಸ್ಟೋರ್ ಅದನ್ನು ಒಪ್ಪುವುದಿಲ್ಲ. ಗ್ರಾಹಕರ ಕ್ಯೂಎಎಲ್‌ಡಬ್ಲ್ಯೂಒಬಿಜೆಆರ್‌ಎಸ್‌ಟಿ ಎಂಬ ಸಿಸ್ಟಂ ಮೌಲ್ಯ ಬಿಗಿಯಾಗಿದ್ದರೆ, ಅಧಿಕಾರ ಎರವಲು ಪಡೆಯುವ ಪ್ರೋಗ್ರಾಂಗಳು ಮಾತ್ರ ಇಳಿಯದೆ ಉಳಿದದ್ದು ಇಳಿಯುತ್ತದೆ. ಅರ್ಧ ಇನ್‌ಸ್ಟಾಲ್‌ನ ಈ ಸ್ಥಿತಿ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುವುದರಿಂದ, ವಸ್ತುಗಳ ಎಣಿಕೆಯನ್ನು ಇನ್‌ಸ್ಟಾಲ್ ಪ್ರೋಗ್ರಾಮೇ ತಾಳೆ ನೋಡಲಿ. ಸ್ಥಳದಲ್ಲೇ ಕಂಪೈಲ್ ಮಾಡಿ ಬದಲಿಸಿದರೆ ಹಳೆಯ ಪ್ರೋಗ್ರಾಂ ಕ್ಯೂಆರ್‌ಪಿಎಲ್‌ಒಬಿಜೆ ಲೈಬ್ರರಿಗೆ ಸರಿದು, ಅದನ್ನು ಹಿಡಿದಿದ್ದ ಜಾಬುಗಳು ಹಳೆಯ ಕೋಡನ್ನೇ ಓಡಿಸುತ್ತಿರುತ್ತವೆ. ಆದ್ದರಿಂದ ಹಗಲಿರುಳು ಓಡುವ ಬ್ಯಾಚ್ ಜಾಬುಗಳನ್ನು ನಿಲ್ಲಿಸಿಯೇ ಬದಲಿಸಿ. ಸೋರ್ಸ್ ಗುಟ್ಟಾಗಿರಬೇಕು, ಡೀಬಗ್ಗೂ ಬೇಕು ಎಂದರೆ ಲಿಸ್ಟ್ ವ್ಯೂವನ್ನು (ಡೀಬಗ್‌ನಲ್ಲಿ ಕಾಣುವ ಕೋಡಿನ ಪ್ರತಿ) ಗೂಢಲಿಪಿ ಕೀಲಿಯೊಂದಿಗೆ ಕಂಪೈಲ್ ಮಾಡುವ ಸೌಲಭ್ಯ 7.1ರಿಂದ ಇದೆ. ಕೀಲಿ ನಿಮ್ಮ ಬಳಿ ಇರುತ್ತದೆ.

ಲೈಸೆನ್ಸನ್ನು ಯಂತ್ರದ ಸೀರಿಯಲ್ ಸಂಖ್ಯೆಗೆ ಕಟ್ಟುವುದು ಇಲ್ಲಿನ ವಾಡಿಕೆ. ಒಂದೇ ಯಂತ್ರದ ಹಲವು ಪಾರ್ಟಿಶನ್‌ಗಳಿಗೆ (ಬೇರೆ ಬೇರೆ ಯಂತ್ರಗಳಂತೆ ಓಡುವ ಭಾಗಗಳು) ಸೀರಿಯಲ್ ಒಂದೇ ಇರಬಹುದಾದ್ದರಿಂದ ಪಾರ್ಟಿಶನ್ ಸಂಖ್ಯೆಯನ್ನೂ ಸೇರಿಸಿ. ಆದರೆ ಯಂತ್ರ ಕೆಟ್ಟು ಗ್ರಾಹಕರು ರಾತ್ರಿ ಬದಲಿ ಯಂತ್ರಕ್ಕೆ ಹೋದಾಗ ಸೀರಿಯಲ್ ಬೇರೆಯಾಗಿರುತ್ತದೆ. ಆ ಹೊತ್ತಿನಲ್ಲಿ ಗೋದಾಮು ನಿಲ್ಲಿಸುವ ಲೈಸೆನ್ಸ್ ಬರೆಯಬೇಡಿ. ಬದಲಿ ಯಂತ್ರದ ಕೀಲಿಯನ್ನು ಮೊದಲೇ ಕೊಡಿ, ಅಥವಾ ಎಚ್ಚರಿಕೆ ತೋರಿಸುತ್ತಾ ಓಡುವ ಅವಧಿ ಇಡಿ. ಐಬಿಎಂ ತನ್ನ ಕೀಲಿಯುಳ್ಳ ಉತ್ಪನ್ನಗಳಿಗೆ 70 ದಿನ ಕೊಡುತ್ತದೆ.

ಇನ್ನು ಭಾಷೆ. ವ್ಯವಹಾರದ ತಿರುಳು ಪೂರ್ಣ ಫ್ರೀ ಫಾರ್ಮ್ಯಾಟ್ ಆರ್‌ಪಿಜಿಯಲ್ಲಿ, ದತ್ತಾಂಶ ಎಸ್‌ಕ್ಯೂಎಲ್‌ನಲ್ಲಿ, ಇನ್‌ಸ್ಟಾಲ್ ಮತ್ತು ಜಾಬ್ ನಿಯಂತ್ರಣ ಸಿಎಲ್‌ನಲ್ಲಿ, ವೆಬ್ ಮುಖ ನಿಮಗೆ ಗೊತ್ತಿರುವ ಜಾವಾದಲ್ಲಿ. ಎಲ್ಲವನ್ನೂ ಜಾವಾದಲ್ಲೇ ಮಾಡಬಹುದು, ಓಡುತ್ತದೆ ಕೂಡ. ಆದರೆ ಗ್ರಾಹಕರ ಆರ್‌ಪಿಜಿ ಪ್ರೋಗ್ರಾಮರುಗಳು ನಿಮ್ಮ ಪ್ರೊಸೀಜರುಗಳನ್ನು ಸಲೀಸಾಗಿ ಕರೆಯಲಾರರು, ನಿಮ್ಮ ಪ್ಯಾಕೇಜ್ ಅವರ ಮನೆಯೊಳಗೆ ಬೇರುಬಿಡುವುದಿಲ್ಲ. ಎಸ್‌ಇಯು ಎಡಿಟರನ್ನು ಕಲಿಯಬೇಕಿಲ್ಲ. ಅದರ ವ್ಯಾಕರಣ ತಪಾಸಣೆ 6.1ರಲ್ಲೇ ನಿಂತಿದೆ. ವಿಎಸ್ ಕೋಡ್‌ಗೆ ‘ಕೋಡ್ ಫಾರ್ ಐಬಿಎಂ ಐ’ ಹಾಕಿಕೊಂಡು, ಸೋರ್ಸನ್ನು ಐಎಫ್‌ಎಸ್ ಕಡತಗಳಲ್ಲಿಟ್ಟು ಗಿಟ್ ಬಳಸಿ. ಸ್ವಂತ ಯಂತ್ರ ಕೊಳ್ಳುವ ಅಗತ್ಯವೂ ಇಲ್ಲ, ಪವರ್ ವರ್ಚುವಲ್ ಸರ್ವರ್‌ನಂಥ ಕ್ಲೌಡ್‌ನಲ್ಲಿ ಪಾರ್ಟಿಶನ್ ಬಾಡಿಗೆಗೆ ಸಿಗುತ್ತದೆ.

ಪರೀಕ್ಷೆಗೆ ಕನಿಷ್ಠ ಎರಡು ಪಾರ್ಟಿಶನ್ ಇರಲಿ, ನೀವು ಬೆಂಬಲಿಸುವ ಅತಿ ಹಳೆಯ ರಿಲೀಸ್ ಒಂದು, ಅತಿ ಹೊಸದು ಒಂದು. ಎರಡರಲ್ಲೂ ವಿಶೇಷ ಅಧಿಕಾರ ಒಂದೂ ಇಲ್ಲದ ಬಳಕೆದಾರರಾಗಿ, ಸಿಸಿಎಸ್ಐಡಿ 277 ಮತ್ತು ಅಲ್ಪವಿರಾಮದ ದಶಮಾಂಶ ಇಟ್ಟು ಇಡೀ ಚಕ್ರ ಓಡಿಸಿ. ಬ್ಯಾಚ್‌ನಲ್ಲಿ ದೋಷ ಬಂದರೆ ಆರ್‌ಪಿಜಿ ಉತ್ತರಕ್ಕಾಗಿ ಕಾಯುವ ಪ್ರಶ್ನೆ ಸಂದೇಶ ಕಳಿಸಿ ಜಾಬನ್ನು ಎಂಎಸ್‌ಜಿಡಬ್ಲ್ಯೂ ಸ್ಥಿತಿಯಲ್ಲಿ ನಿಲ್ಲಿಸುತ್ತದೆ, ಅದರ ಹಿಂದೆ ಕ್ಯೂ ಬೆಳೆಯುತ್ತದೆ. ಪ್ರತಿ ಬ್ಯಾಚ್ ಪ್ರೋಗ್ರಾಮಿನಲ್ಲೂ ದೋಷವನ್ನು ನೀವೇ ಹಿಡಿದು, ದಾಖಲಿಸಿ, ಶುದ್ಧವಾಗಿ ಹೊರಬನ್ನಿ. ನಿಮ್ಮ ಜಾಬ್ ಡಿಸ್ಕ್ರಿಪ್ಶನ್‌ನಲ್ಲಿ ಲಾಗ್ ಮಟ್ಟ 4, ತೀವ್ರತೆ 00, ಪಠ್ಯ *ಸೆಕ್‌ಲೆವೆಲ್ (ಸಂದೇಶದ ಪೂರ್ಣ ವಿವರ) ಇರಲಿ. ಬೆಂಬಲ ಕೇಳಿ ಕರೆ ಬಂದಾಗ ಆ ಜಾಬ್ ಲಾಗ್ ಮತ್ತು ಪಿಟಿಎಫ್ ಗ್ರೂಪುಗಳ ಪಟ್ಟಿ, ಈ ಎರಡನ್ನು ಮೊದಲು ತರಿಸಿಕೊಳ್ಳಿ.